ಯುರೋಪಿನ ಮೃಗಾಲಯಗಳು: ಎಣಿಸಿದ್ದೇನು, ಕಂಡದ್ದೇನು?

ಪ್ರಶ್ನೆ: ಹೇಮಾವತಿ ದಂಡೆ

ಕಳೆದ ಬೇಸಿಗೆಯಲ್ಲಿ ಮನೆಯವರೊಂದಿಗೆ ಮಧ್ಯ ಯುರೋಪಿನಲ್ಲಿ ಸುತ್ತಾಡುವಾಗ ವಿಯೆನ್ನಾ, ಪ್ರಾಗ್, ಬರ್ಲಿನ್ ಮತ್ತು ಜ್ಯೂರಿಕ್ ನಗರಗಳ ಮೃಗಾಲಯಗಳನ್ನು ಸಾವಕಾಶವಾಗಿ ನೋಡಿದೆವು. ಮೈಸೂರಿನ ಮೃಗಾಲಯವನ್ನು ನೋಡುತ್ತಲೇ ಬೆಳೆದ ನನ್ನಂಥವರಿಗೆ, ಯುರೋಪಿನ ಮೃಗಾಲಯವೆಂದರೆ ಪ್ರಾಣಿಗಳು ಹೆಚ್ಚು, ಜಾಗ ವಿಶಾಲ, ಕಟ್ಟಡಗಳೆಲ್ಲ ಹೊಸವು, ಇಪ್ಪತ್ತು ಯೂರೋ ದಾಟುವ ಟಿಕೆಟ್ಟಿಗೆ ತಕ್ಕಂತೆ ಎಲ್ಲವೂ ಕಣ್ಣಿಗೆ ಬೀಳುತ್ತದೆ ಎಂಬ ಎಣಿಕೆಯಿರುತ್ತದೆ. ಅಲ್ಲಿ ಕಂಡದ್ದು ಈ ಎಣಿಕೆಗೆ ಹೊಂದಲಿಲ್ಲ.

ಮೊದಲನೆಯದಾಗಿ, ಅವು ಹಳೆಯವು. ವಿಯೆನ್ನಾದ ಷೋನ್‌ಬ್ರುನ್ ಮೃಗಾಲಯವನ್ನು ಚಕ್ರವರ್ತಿ ಒಂದನೆಯ ಫ್ರಾನ್ಸಿಸ್ 1752ರಲ್ಲಿ ಬೇಸಿಗೆ ಅರಮನೆಯ ಉದ್ಯಾನದಲ್ಲಿ ಕಟ್ಟಿಸಿದ. ಇಂದಿಗೂ ನಡೆಯುತ್ತಿರುವ ಮೃಗಾಲಯಗಳಲ್ಲಿ ಅದೇ ಅತ್ಯಂತ ಹಳೆಯದು. ನಟ್ಟನಡುವೆ ಎಂಟು ಮೂಲೆಯ ಮಂಟಪ, ಅದರ ಸುತ್ತ ಹೋಳುಹೋಳಾಗಿ ಹಬ್ಬಿದ ಆವರಣಗಳು. ರಾಜಪರಿವಾರ ಮಂಟಪದಲ್ಲಿ ಉಪಾಹಾರಕ್ಕೆ ಕುಳಿತಲ್ಲಿಂದಲೇ ಪ್ರಾಣಿಗಳನ್ನೆಲ್ಲ ನೋಡಲಿ ಎಂಬ ಲೆಕ್ಕಾಚಾರ ಆ ನಕ್ಷೆಯಲ್ಲಿ ಎದ್ದು ಕಾಣುತ್ತದೆ. ಮಂಟಪದಲ್ಲಿ ಈಗಲೂ ಉಪಾಹಾರಗೃಹವಿದೆ. ಪ್ರಾಗ್‌ನಲ್ಲಿ, 2002ರ ವ್ಲ್ಟಾವಾ ಪ್ರವಾಹದಲ್ಲಿ ಕೊಚ್ಚಿಹೋಗಿ, ನದಿಯ ಜಾಡಿನಲ್ಲೇ ಜರ್ಮನಿಯವರೆಗೆ ಈಜಿ, ಹಿಡಿದು ಮರಳಿ ತರುವ ದಾರಿಯಲ್ಲಿ ಸತ್ತ ಗಾಸ್ಟನ್ ಎಂಬ ಕಡಲಸಿಂಹದ ನೆನಪಿಗೆ ಪ್ರತಿಮೆ ನಿಲ್ಲಿಸಿದ್ದಾರೆ. 1844ರಲ್ಲಿ ಬಾಗಿಲು ತೆರೆದ ಬರ್ಲಿನ್ ಮೃಗಾಲಯದಲ್ಲಿ ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ 3,715 ಪ್ರಾಣಿಗಳಲ್ಲಿ ಉಳಿದಿದ್ದವು ಕೇವಲ 91. ಇಷ್ಟೊಂದು ಇತಿಹಾಸವನ್ನು ಓದಿಕೊಂಡು ಬರುತ್ತೇನೆಂದು ನಾನು ಹೊರಟಿರಲಿಲ್ಲ.

ಎರಡನೆಯ ಸಂಗತಿಯೇ ನನ್ನ ಪ್ರಶ್ನೆಯ ಮೂಲ. ಜ್ಯೂರಿಕ್‌ನಲ್ಲಿ ಮಡಗಾಸ್ಕರ್ ದ್ವೀಪದ ಮಳೆಕಾಡನ್ನು ಒಂದೇ ಸೂರಿನಡಿ ಬೆಳೆಸಿರುವ ಮಸೋಆಲ ಎಂಬ ಭವನವಿದೆ. ಬಾಗಿಲು ದಾಟಿದ ಕೂಡಲೇ ಕನ್ನಡಕದ ಗಾಜು ಮಂಜಾಗುತ್ತದೆ, ಅಂಗಿ ಮೈಗೆ ಅಂಟುತ್ತದೆ, ಆಗುಂಬೆಯ ಜುಲೈ ತಿಂಗಳ ಹಸಿ ಎಲೆಯ ವಾಸನೆ ಮೂಗಿಗೆ ಬಡಿಯುತ್ತದೆ. ಆದರೆ ಪ್ರಾಣಿಗಳು? ನಮಗೂ ಅವಕ್ಕೂ ನಡುವೆ ಗಾಜಾಗಲಿ ಸರಳಾಗಲಿ ಇಲ್ಲ, ಹಾಗೆಂದು ಅವು ಎದುರಿಗೆ ಬರುವುದೂ ಇಲ್ಲ. ಬಹಳ ಹೊತ್ತು ಬೆಂಚಿನ ಮೇಲೆ ಕುಳಿತ ಮೇಲೆ ಕೆಂಪು ತುಪ್ಪಳದ ಲೀಮರ್ ಒಂದು ಕೊಂಬೆಯಿಂದ ಕೊಂಬೆಗೆ ಹಾರಿ ಮರೆಯಾಯಿತು. ಊಸರವಳ್ಳಿಯನ್ನು ಪಕ್ಕದ ಸ್ವಿಸ್ ಅಜ್ಜಿಯೊಬ್ಬರು ಬೆರಳು ಮಾಡಿ ತೋರಿಸದಿದ್ದರೆ ನಾವು ಕಾಣುತ್ತಲೇ ಇರಲಿಲ್ಲ. ಉಳಿದ ಊರುಗಳಲ್ಲೂ ಹುಲಿ, ಚಿರತೆಗಳ ಆವರಣದ ಮುಂದೆ ನಿಂತು ಬರೀ ಗಿಡಗಂಟಿ ನೋಡಿದ್ದೇ ಹೆಚ್ಚು. ಇದು ನಮ್ಮ ಅದೃಷ್ಟದ ಮಾತೋ, ಅಥವಾ ಅಲ್ಲಿನವರು ಉದ್ದೇಶಪೂರ್ವಕವಾಗಿಯೇ ಹೀಗೆ ಕಟ್ಟಿದ್ದಾರೆಯೋ? ಉದ್ದೇಶಪೂರ್ವಕವೇ ಆದರೆ ನೋಡುವವನಿಂದ ಹಣ ಪಡೆದು ಪ್ರಾಣಿಗೆ ಅಡಗುವ ಅವಕಾಶ ಕೊಡುವುದು ನಿಮಗೆ ಸರಿ ಕಾಣುತ್ತದೆಯೇ? ಅಲ್ಲಿ ನೆಲೆಸಿದವರು, ಈ ಕ್ಷೇತ್ರದಲ್ಲಿ ದುಡಿದವರು ತಮ್ಮ ಅನುಭವ ಬರೆದರೆ ಉಪಕಾರವಾಗುತ್ತದೆ.

ಉತ್ತರ: ರೈನ್ ತಿರುವು

ನಾನು ಬಾಸೆಲ್‌ನಲ್ಲಿ ನೆಲೆಸಿದವನು. ಮಕ್ಕಳ ದೆಸೆಯಿಂದ ಇಲ್ಲಿನ ಮೃಗಾಲಯದ ವಾರ್ಷಿಕ ಪಾಸು ಸದಾ ಜೇಬಿನಲ್ಲಿರುತ್ತದೆ. ನೀವು ಕಂಡದ್ದು ಅದೃಷ್ಟದ ಮಾತಲ್ಲ. ಕಟ್ಟುವಾಗಲೇ ಹಾಗೆ ಯೋಚಿಸಿ ಕಟ್ಟಿದ್ದು.

ಇದರ ಹಿಂದೆ ಹೈನಿ ಹೆಡಿಗರ್ ಎಂಬ ಸ್ವಿಸ್ ಪ್ರಾಣಿಶಾಸ್ತ್ರಜ್ಞನ ಚಿಂತನೆಯಿದೆ. ಬರ್ನ್, ಬಾಸೆಲ್, ಜ್ಯೂರಿಕ್ ಮೂರೂ ಮೃಗಾಲಯಗಳನ್ನು ಒಂದರ ನಂತರ ಒಂದರಂತೆ ನಡೆಸಿದ ಅವರನ್ನು ಮೃಗಾಲಯ ಜೀವಶಾಸ್ತ್ರದ ಜನಕನೆಂದು ಕರೆಯುವುದುಂಟು. ಕಾಡಿನ ಪ್ರಾಣಿ ನಾವು ಅಂದುಕೊಂಡಷ್ಟು ಸ್ವತಂತ್ರವಲ್ಲ, ಅದು ತನ್ನ ಸರಹದ್ದು, ತನ್ನ ದಾರಿ, ತನ್ನ ವೇಳಾಪಟ್ಟಿಗಳಿಗೆ ಕಟ್ಟುಬಿದ್ದಿರುತ್ತದೆ, ಹಾಗಾಗಿ ಆವರಣ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಅದರೊಳಗೆ ಏನೇನಿದೆ ಎನ್ನುವುದು ಮುಖ್ಯ ಎಂಬುದು ಅವರ ವಾದ. ಪ್ರತಿಯೊಂದು ಪ್ರಾಣಿಗೂ ಮನುಷ್ಯ ಎಷ್ಟು ಹತ್ತಿರ ಬಂದರೆ ಓಡಬೇಕೆಂಬ ಒಂದು ಅಂತರವಿರುತ್ತದೆ. ಆ ಅಂತರಕ್ಕೆ ಹಿಂಜರಿಯಲು ಜಾಗ ಕೊಡದ ಆವರಣ ಎಷ್ಟೇ ಚೊಕ್ಕಟವಾಗಿದ್ದರೂ ಪ್ರಾಣಿಯ ಪಾಲಿಗೆ ನರಕ. ನೀವು ಗಿಡಗಂಟಿಯನ್ನಷ್ಟೇ ನೋಡಿ ಬಂದ ಆ ಹುಲಿಗಳ ಆವರಣಗಳನ್ನು ಈ ಕಣ್ಣಿನಿಂದ ಇನ್ನೊಮ್ಮೆ ನೋಡಬೇಕು.

ಮಸೋಆಲ ಭವನ 2003ರಲ್ಲಿ ತೆರೆಯಿತು. ಅದರ ವಿಸ್ತಾರ ಸುಮಾರು 11,000 ಚದರ ಮೀಟರ್. ಆದರೆ ಜ್ಯೂರಿಕ್‌ನಲ್ಲಿ ನನಗೆ ಅದಕ್ಕಿಂತ ಹೆಚ್ಚು ಅಚ್ಚರಿ ತಂದದ್ದು 2014ರಲ್ಲಿ ಆರಂಭವಾದ ಆನೆಗಳ ಆವರಣ. ಥಾಯ್ಲೆಂಡಿನ ಕೇಂಗ್ ಕ್ರಚನ್ ರಾಷ್ಟ್ರೀಯ ಉದ್ಯಾನದ ಹೆಸರು ಹೊತ್ತ ಆ ಜಾಗದಲ್ಲಿ ಗೋಡೆ, ಬಂಡೆಗಳ ಸಂದಿಯಲ್ಲೆಲ್ಲ ಮೇವಿನ ಗೂಡುಗಳನ್ನು ಅಡಗಿಸಿದ್ದಾರೆ. ಯಾವ ಗೂಡು ಯಾವಾಗ ತೆರೆಯಬೇಕೆಂಬುದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ಹೀಗಾಗಿ ಆನೆ ಒಂದು ಗೂಡಿಗೆ ಸೊಂಡಿಲು ತೂರಿಸಿ ಏನೂ ಸಿಗದೆ ಮುಂದಿನದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ದಿನವಿಡೀ ನಡೆಯುತ್ತಲೇ ಇರುತ್ತದೆ. ಕಾಡಿನಲ್ಲಿಯೂ ಅದರ ದಿನಚರಿ ಅದೇ ತಾನೆ? ಜೊತೆಗೆ ಅಲ್ಲಿ ಮಾವುತರಿಲ್ಲ. ಪಾಲಕರು ಆನೆಯೊಂದಿಗೆ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಕಾಲಿನ ಆರೈಕೆಯಿಂದ ಹಿಡಿದು ರಕ್ತಪರೀಕ್ಷೆಯವರೆಗೆ ಎಲ್ಲವೂ ತಡೆಗಂಬಿಗಳ ಆಚೆಯಿಂದಲೇ ನಡೆಯುತ್ತದೆ. ಸಕ್ರೆಬೈಲಿನಲ್ಲಿ, ದುಬಾರೆಯಲ್ಲಿ ಆನೆಯ ಕಿವಿಯ ಹಿಂದೆ ತಿಕ್ಕಿ ಸ್ನಾನ ಮಾಡಿಸುವುದನ್ನು ನೋಡಿದ ನಮಗೆ ಇದು ಪ್ರೀತಿಯಿಲ್ಲದ ವ್ಯವಸ್ಥೆಯೆಂದು ತೋರಬಹುದು. ನನಗೂ ಮೊದಮೊದಲು ಹಾಗೇ ಅನ್ನಿಸುತ್ತಿತ್ತು. ಈಗ ಹಾಗೆ ಖಚಿತವಾಗಿ ಹೇಳಲಾರೆ.

ಬಾಸೆಲ್ ಬಗ್ಗೆಯೂ ಒಂದು ಮಾತು. ಯುರೋಪಿನ ಮೃಗಾಲಯವೊಂದರಲ್ಲಿ ಭಾರತದ ಒಂಟಿಕೊಂಬಿನ ಘೇಂಡಾಮೃಗ ಮೊದಲ ಬಾರಿಗೆ ಮರಿ ಹಾಕಿದ್ದು 1956ರಲ್ಲಿ, ಇಲ್ಲಿ. ಆ ಮರಿಗೆ ಇಟ್ಟ ಹೆಸರು ರುದ್ರ.

ಉತ್ತರ: ಮೂಡಣ ಲಂಡನ್

ಮೇಲಿನವರು ಸ್ವಿಸ್ ಮೃಗಾಲಯಗಳನ್ನು ಮುಂದಿಟ್ಟುಕೊಂಡು ಯುರೋಪನ್ನು ಅಳೆಯುತ್ತಿದ್ದಾರೆ. ಪ್ರಾಣಿಯ ಹಿತವೇ ಮೊದಲು ಎಂಬ ಮಾತು ಇಡೀ ಖಂಡದ ಇತಿಹಾಸಕ್ಕೆ ಒಪ್ಪುವುದಿಲ್ಲ; ಅದಕ್ಕೆ ಲಂಡನ್ ಒಂದೇ ಸಾಕು.

ಅಲ್ಲಿನ ಮೃಗಾಲಯ 1828ರಲ್ಲಿ ಆರಂಭವಾಯಿತು. ಮೊದಲು ಪ್ರಾಣಿಶಾಸ್ತ್ರ ಸಂಘದ ಸದಸ್ಯರಿಗೆ ಮೀಸಲಾಗಿದ್ದ ಅದು ಸಾರ್ವಜನಿಕರಿಗೆ ತೆರೆದದ್ದು 1847ರಲ್ಲಿ. ಅದರೊಳಗೆ ಬರ್ತೊಲ್ಡ್ ಲ್ಯುಬೆಟ್ಕಿನ್ ಎಂಬ ವಾಸ್ತುಶಿಲ್ಪಿ ಮತ್ತು ಅವರ ಸಂಗಡಿಗರು 1934ರಲ್ಲಿ ಕಟ್ಟಿದ ಪೆಂಗ್ವಿನ್ ಕೊಳವಿದೆ: ಅಂಡಾಕಾರದ ಬಿಳಿಯ ತೊಟ್ಟಿ, ಅದರ ಮೇಲೆ ಆಧಾರಕಂಬವೇ ಇಲ್ಲದೆ ಒಂದನ್ನೊಂದು ಬಳಸಿಕೊಂಡು ಇಳಿಯುವ ಎರಡು ತೆಳುವಾದ ಕಾಂಕ್ರೀಟ್ ಇಳಿಜಾರುಗಳು. ಆಧುನಿಕ ವಾಸ್ತುಶಿಲ್ಪದ ಪಾಠಗಳಲ್ಲಿ ಅದರ ಚಿತ್ರ ಇಲ್ಲದಿರುವುದಿಲ್ಲ. ಪೆಂಗ್ವಿನ್‌ಗಳ ಪಾದಗಳಿಗೆ ಮಾತ್ರ ಆ ಕಾಂಕ್ರೀಟ್ ಒಗ್ಗಲಿಲ್ಲ. 2004ರಲ್ಲಿ ಅವನ್ನು ಬೇರೆಡೆಗೆ ಸಾಗಿಸಿದರು. ಕಟ್ಟಡ ಮೊದಲ ದರ್ಜೆಯ ಸಂರಕ್ಷಿತ ಸ್ಮಾರಕವಾದ್ದರಿಂದ ಕೆಡವುವಂತಿಲ್ಲ, ಹಕ್ಕಿಗಳಿಗೆ ಬೇಡವಾದ್ದರಿಂದ ಬಳಸುವಂತೆಯೂ ಇಲ್ಲ. ಮೃಗಾಲಯದ ನಡುವೆ ಖಾಲಿ ಬಿದ್ದಿರುವ ಆ ತೊಟ್ಟಿಯ ಮುಂದೆ ಜನ ನಿಂತು ಫೋಟೊ ತೆಗೆಯುತ್ತಾರೆ. ಯಾರ ಕಣ್ಣಿಗಾಗಿ ಕಟ್ಟಿದ್ದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇನ್ನು ಸಿಂಹಗಳ ವಿಷಯ. ಲಂಡನ್ನಿನಲ್ಲಿರುವುದು ಆಫ್ರಿಕಾದ ಸಿಂಹಗಳಲ್ಲ, ನಮ್ಮ ಗುಜರಾತಿನ ಗಿರ್ ಕಾಡಿನ ತಳಿಯವು. ಅವಕ್ಕಾಗಿ 2016ರಲ್ಲಿ ಹೊಸದೊಂದು ಆವರಣವನ್ನು ಎಲಿಜಬೆತ್ ರಾಣಿ ಉದ್ಘಾಟಿಸಿದರು. ಸಿಂಹವನ್ನು ನೋಡಲು ಹೋದವನಿಗೆ ಮೊದಲು ಎದುರಾಗುವುದು ಸಾಸಣ್ ಗಿರ್ ರೈಲು ನಿಲ್ದಾಣದ ಪ್ರತಿಕೃತಿ, ಆಮೇಲೆ ಪೇಟೆಬೀದಿ, ರಿಕ್ಷಾ, ಸೈಕಲ್ಲು. ಊರಿನಿಂದ ಬಂದ ತಂದೆಯವರನ್ನು ಕರೆದುಕೊಂಡು ಹೋಗಿದ್ದೆ. ಅವರು ಆ ಬೀದಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ‘ಇದನ್ನು ನೋಡೋಕೆ ವೀಸಾ ಬೇರೆ ಬೇಕಿತ್ತೇ?’ ಎಂದರು. ನಗು ಬಂದದ್ದು ನಿಜ, ಆದರೆ ಆ ಬೀದಿಗೆ ಒಂದು ಅರ್ಥವೂ ಇದೆ: ಸಿಂಹ ಮತ್ತು ಹಳ್ಳಿಗರು ಒಂದೇ ನೆಲದಲ್ಲಿ ಬದುಕುವ ಜಗತ್ತಿನ ಏಕೈಕ ಏಷ್ಯಾ ಸಿಂಹಗಳ ನೆಲೆ ಗಿರ್ ಎಂಬುದನ್ನು ಲಂಡನ್ನಿನ ಮಗುವಿಗೆ ಹೇಳಲು ಅವರಿಗೆ ತೋಚಿದ ದಾರಿ ಅದು. ಪರದೇಶವನ್ನು ರಂಗಸಜ್ಜಿಕೆ ಮಾಡಿ ತೋರಿಸುವ ಹಳೆಯ ಚಟ ಅದರಲ್ಲಿ ಇಣುಕುವುದನ್ನೂ ಅಲ್ಲಗಳೆಯಲಾಗದು.

ಆ ಚಟದ ಕರಾಳ ಅಧ್ಯಾಯ ಹ್ಯಾಂಬರ್ಗ್‌ನದು. ಸರಳುಗಳನ್ನು ಕಿತ್ತೊಗೆದು ಕಂದಕಗಳ ಆಚೆ ಪ್ರಾಣಿಗಳನ್ನು ತೆರೆದ ಬಯಲಿನಲ್ಲೆಂಬಂತೆ ನಿಲ್ಲಿಸಿದ ಕಾರ್ಲ್ ಹಾಗೆನ್‌ಬೆಕ್ 1907ರಲ್ಲಿ ಅಲ್ಲಿ ತೆರೆದ ಮೃಗಾಲಯವೇ ಇಂದಿನ ಬಯಲು ಆವರಣಗಳಿಗೆಲ್ಲ ಮೂಲ. ಅದೇ ಹಾಗೆನ್‌ಬೆಕ್ 1870ರ ದಶಕದಿಂದಲೇ ಉತ್ತರ ಧ್ರುವದ ಕಡೆಯವರು, ಆಫ್ರಿಕನ್ನರು, ಸಿಂಹಳೀಯರು ಹೀಗೆ ಮನುಷ್ಯರನ್ನೇ ತಂಡತಂಡವಾಗಿ ಕರೆತಂದು ಪ್ರದರ್ಶನಕ್ಕಿಟ್ಟು ಹಣ ಮಾಡಿದವನು. ಹೆಡಿಗರ್ ಹೆಸರು ಹೇಳುವಾಗ ಈ ಹೆಸರನ್ನೂ ಹೇಳಬೇಕಾಗುತ್ತದೆ. ಮೃಗಾಲಯವನ್ನು ಪ್ರಾಣಿಗಾಗಿ ತಿರುಗಿಸಿ ಕಟ್ಟಿಕೊಳ್ಳುವ ಕೆಲಸವನ್ನು ಯುರೋಪು ಇತ್ತೀಚೆಗೆ ಕಲಿತಿದೆ, ಇನ್ನೂ ಕಲಿಯುತ್ತಿದೆ.

ಉತ್ತರ: ನಿವೃತ್ತ ಪಶುವೈದ್ಯ, ಮೈಸೂರು

ವನ್ಯಪ್ರಾಣಿಗಳ ಚಿಕಿತ್ಸೆಯಲ್ಲಿ ಸೇವಾವಧಿಯ ಬಹುಪಾಲು ಕಳೆದವನು ನಾನು. ಅಲ್ಲಿನ ಮೃಗಾಲಯಗಳನ್ನು ನೋಡುವ ಅವಕಾಶ ಸಿಕ್ಕಾಗ ಆವರಣಗಳಿಗಿಂತ ಹೆಚ್ಚಾಗಿ ನನ್ನನ್ನು ಕಲಕಿದ್ದು ಕೋಪನ್‌ಹೇಗನ್‌ನಲ್ಲಿ ನಡೆದ ಒಂದು ಚರ್ಚೆ. 2014ರ ಫೆಬ್ರುವರಿ 9ರಂದು ಅಲ್ಲಿ ಮಾರಿಯಸ್ ಎಂಬ, ಎರಡು ವರ್ಷದ, ಯಾವ ಕಾಯಿಲೆಯೂ ಇಲ್ಲದ ಜಿರಾಫೆಯನ್ನು ಕೊಂದು, ಮಕ್ಕಳೂ ಸೇರಿದಂತೆ ನೋಡಬಯಸಿದವರ ಎದುರಿನಲ್ಲೇ ಶವ ಕೊಯ್ದು ಅಂಗರಚನೆಯನ್ನು ವಿವರಿಸಿ, ಮಾಂಸವನ್ನು ಸಿಂಹಗಳಿಗೆ ಹಾಕಿದರು. ಜಗತ್ತಿನಾದ್ಯಂತ ಪ್ರತಿಭಟನೆಯಾಯಿತು, ಬೇರೆ ಮೃಗಾಲಯಗಳು ತಾವು ಸಾಕಿಕೊಳ್ಳುತ್ತೇವೆಂದು ಮುಂದೆ ಬಂದರೂ ಅವರು ಒಪ್ಪಲಿಲ್ಲ.

ನಮ್ಮಲ್ಲಿ ಇದನ್ನು ಹೇಳಿದರೆ ಕೇಳುವವರು ಹೌಹಾರುತ್ತಾರೆ. ಆದರೆ ಅವರ ತರ್ಕವನ್ನು ಪೂರ್ತಿ ಕೇಳಬೇಕು. ಯುರೋಪಿನ ಮೃಗಾಲಯಗಳು ಒಂದೊಂದು ಪ್ರಭೇದವನ್ನೂ ಬಿಡಿಬಿಡಿ ಪ್ರಾಣಿಗಳೆಂದು ಕಾಣದೆ ಖಂಡದಾದ್ಯಂತ ಹರಡಿದ ಒಂದೇ ಹಿಂಡೆಂದು ಪರಿಗಣಿಸಿ, ಯಾವ ಗಂಡಿಗೆ ಯಾವ ಹೆಣ್ಣು, ಯಾವ ಊರಿಗೆ ಯಾವ ಮರಿ ಎಂಬುದನ್ನು ವಂಶಾವಳಿ ನೋಡಿ ನಿರ್ಧರಿಸುತ್ತವೆ. ಮಾರಿಯಸ್‌ನ ರಕ್ತಸಂಬಂಧಿಗಳು ಆ ಹಿಂಡಿನಲ್ಲಿ ಆಗಲೇ ಸಾಕಷ್ಟಿದ್ದರು. ಅವನಿಗೆ ಜಾಗ ಕೊಟ್ಟರೆ ವಂಶವಾಹಿ ದೃಷ್ಟಿಯಿಂದ ಹೆಚ್ಚು ಬೆಲೆಯುಳ್ಳ ಇನ್ನೊಂದು ಮರಿಗೆ ಜಾಗವಿಲ್ಲದಾಗುತ್ತದೆ. ಗರ್ಭನಿರೋಧಕ ಕೊಡಬಹುದಿತ್ತಲ್ಲ ಎಂದರೆ, ಅದಕ್ಕೆ ಅಡ್ಡಪರಿಣಾಮಗಳಿವೆ, ಮರಿ ಹಾಕುವುದು ಮತ್ತು ಸಾಕುವುದು ಪ್ರಾಣಿಯ ಸಹಜ ಬದುಕಿನ ದೊಡ್ಡ ಭಾಗ, ಅದನ್ನು ಕಸಿಯಲಾರೆವು ಎಂಬುದು ಅವರ ಉತ್ತರ. 2025ರ ಜುಲೈನಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಮೃಗಾಲಯ ಜಾಗ ಸಾಲದೆಂದು ಹನ್ನೆರಡು ಗಿನಿ ಬಬೂನ್‌ಗಳನ್ನು ಕೊಂದಾಗಲೂ ಇದೇ ವಾದ, ಇದೇ ಪ್ರತಿಭಟನೆ ಮರುಕಳಿಸಿತು.

ನಾವು ಗಂಡು ಹೆಣ್ಣುಗಳನ್ನು ಬೇರೆ ಮಾಡಿ, ಶಸ್ತ್ರಚಿಕಿತ್ಸೆ ಮಾಡಿ ಸಂತಾನವನ್ನು ತಡೆಯುತ್ತೇವೆ. ಹೆಚ್ಚಾಯಿತೆಂದು ಆರೋಗ್ಯವಂತ ಪ್ರಾಣಿಯನ್ನು ಕೊಲ್ಲುವ ಪದ್ಧತಿ ನಮ್ಮಲ್ಲಿಲ್ಲ. ನನ್ನ ಕೈಯಿಂದಂತೂ ಆ ಕೆಲಸ ಆಗುತ್ತಿರಲಿಲ್ಲ. ಆದರೂ ಒಂದನ್ನು ಒಪ್ಪಬೇಕು. ಕದ್ದುಮುಚ್ಚಿ ಮಾಡಬಹುದಾಗಿದ್ದ ಕೆಲಸವನ್ನು ಡೆನ್ಮಾರ್ಕಿನವರು ಕ್ಯಾಮೆರಾಗಳ ಮುಂದೆ ಮಾಡಿದರು.

ಈ ಲೆಕ್ಕಾಚಾರದ ಫಲವೂ ಸಣ್ಣದಲ್ಲ. ಯುರೋಪಿನ ಕಾಡುಕೋಣ ಎನ್ನಬಹುದಾದ ಬೈಸನ್ ಕಾಡಿನಿಂದ ಪೂರ್ತಿ ಅಳಿದುಹೋಗಿತ್ತು. ಇಂದು ಪೋಲೆಂಡಿನ ಬಿಯಾಲೊವಿಯೆಜಾ ಕಾಡಿನಲ್ಲಿ ಮೇಯುತ್ತಿರುವವೆಲ್ಲ ಮೃಗಾಲಯಗಳಲ್ಲಿ, ಖಾಸಗಿ ಆವರಣಗಳಲ್ಲಿ ಉಳಿದಿದ್ದ ಕೆಲವೇ ಪ್ರಾಣಿಗಳ ಸಂತತಿ. ಮಂಗೋಲಿಯಾದಿಂದ ಮಾಯವಾಗಿದ್ದ ಪ್ರಜ್ವಾಲ್ಸ್ಕಿ ಕಾಡುಕುದುರೆಯ ವಂಶಾವಳಿ ಪುಸ್ತಕವನ್ನು 1959ರಿಂದ ಪ್ರಾಗ್ ಮೃಗಾಲಯ ಇಟ್ಟುಕೊಂಡು ಬಂದಿದೆ, 2011ರಿಂದ ಕುದುರೆಗಳನ್ನು ಜೆಕ್ ವಾಯುಪಡೆಯ ವಿಮಾನಗಳಲ್ಲಿ ತವರಿಗೆ ಮುಟ್ಟಿಸಿದೆ. ಪ್ರಶ್ನೆ ಕೇಳಿದವರು ಗಾಸ್ಟನ್ ಪ್ರತಿಮೆಯ ಜೊತೆಗೆ ಈ ಕುದುರೆಗಳನ್ನೂ ನೋಡಿರಬಹುದು. ಮಂಕು ಬಣ್ಣದ, ನಿಂತ ಕೇಸರದ ಆ ಪ್ರಾಣಿಯ ಮುಂದೆ ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಅಂದಹಾಗೆ 1892ರಲ್ಲಿ ಆರಂಭವಾದ ನಮ್ಮ ಮೈಸೂರು ಮೃಗಾಲಯದ ವಿನ್ಯಾಸದಲ್ಲಿ ಕ್ರುಂಬಿಗಲ್ ಎಂಬ ಜರ್ಮನ್ ತೋಟಗಾರಿಕಾ ತಜ್ಞರ ಕೈಯಿದೆ. ಹಾಗಾಗಿ ಅಲ್ಲಿನದು, ಇಲ್ಲಿನದು ಎಂದು ಗೆರೆ ಕೊರೆಯುವುದು ಅಷ್ಟು ಸುಲಭವಲ್ಲ.

ಮರುಪ್ರಶ್ನೆ: ಹೇಮಾವತಿ ದಂಡೆ

ಎಲ್ಲರಿಗೂ ವಂದನೆಗಳು. ಆ ಕುದುರೆಗಳನ್ನು ನೋಡಿದ್ದೆವು, ಹೆಚ್ಚು ಹೊತ್ತು ನಿಲ್ಲಲಿಲ್ಲ ಎಂಬುದೂ ನಿಜ. ಜಿರಾಫೆಯ ವಿಷಯದಲ್ಲಿ ತರ್ಕ ಅರ್ಥವಾಗುತ್ತದೆ, ಮನಸ್ಸು ಒಪ್ಪುವುದಿಲ್ಲ. ಹಿಂಡನ್ನು ಉಳಿಸುವವರಿಗೆ ಒಂದು ಮರಿಗೆ ಹೆಸರಿಡುವ ಹಕ್ಕಾದರೂ ಇದೆಯೇ ಎಂದು ಕೇಳಬೇಕೆನ್ನಿಸುತ್ತದೆ. ಟಿಕೆಟ್ಟಿನ ಪ್ರಶ್ನೆಗೆ ಮಾತ್ರ ಇನ್ನೂ ಯಾರೂ ನೇರವಾಗಿ ಉತ್ತರಿಸಿಲ್ಲ. ಮುಂದಿನ ಬಾರಿ ಮಕ್ಕಳೊಂದಿಗೆ ಹೋಗುವಾಗ, ಅಡಗಿಕೊಂಡ ಪ್ರಾಣಿಗಳ ಮುಂದೆ ಅವರನ್ನು ಹೇಗೆ ನಿಲ್ಲಿಸಿಕೊಳ್ಳಬೇಕು ಎಂಬುದೂ ಒಂದು ಚಿಂತೆ.

ಉತ್ತರ: ಸಿದ್ದಾಪುರದವಳು

ನೇರವಾಗಿಯೇ ಹೇಳುತ್ತೇನೆ: ನನ್ನ ದೃಷ್ಟಿಯಲ್ಲಿ ಆ ಹಣ ಸರಿ. ಅಘನಾಶಿನಿ ಕಣಿವೆಯ ಅಂಚಿನಲ್ಲಿ ಹುಟ್ಟಿ ಬೆಳೆದ ನಮಗೆ ಸಿಂಗಳೀಕವೆಂದರೆ ಎತ್ತರದ ಮರದ ನೆತ್ತಿಯಲ್ಲಿ ಕೂಗು ಕೇಳಿಸಿ, ಎಲೆ ಅಲುಗಾಡಿ, ಕಪ್ಪಗೆ ಏನೋ ಸರಿದುಹೋಗುವ ಪ್ರಾಣಿ. ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಅದಿಲ್ಲ, ಅಲ್ಲೂ ಅದನ್ನು ನೋಡುತ್ತೇನೆಂಬ ಖಾತರಿಯಿಂದ ಯಾರೂ ಕಾಡಿಗೆ ಹೋಗುವುದಿಲ್ಲ. ಜರ್ಮನಿಯ ಮೃಗಾಲಯವೊಂದರಲ್ಲಿ ಅದೇ ಸಿಂಗಳೀಕಗಳ ಗುಂಪೊಂದು ಕಲ್ಲಿನ ಮೇಲೆ ಕುಳಿತು ಒಂದರ ಬಿಳಿ ಕೇಸರವನ್ನು ಇನ್ನೊಂದು ಬಿಡಿಸಿ ಬಿಡಿಸಿ ಹುಡುಕುತ್ತಿದ್ದುದನ್ನು, ಬಾಲದ ತುದಿಯ ಕುಚ್ಚು ಎಣಿಸುವಷ್ಟು ಹತ್ತಿರದಿಂದ ನೋಡಿದೆ. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಗುಂಪಿನಲ್ಲಿ ಒಂದು ಹೆಣ್ಣು ಮರಿಯನ್ನು ಅವುಚಿಕೊಂಡು ಹಿಂದಿನ ಪೊದೆಯಿಂದ ಈಚೆಗೆ ಬರಲೇ ಇಲ್ಲ, ಮತ್ತು ಪಾಲಕರು ಅದನ್ನು ಹೊರಗೆ ಕರೆಯಲೂ ಇಲ್ಲ. ನಾನು ಕೊಟ್ಟ ಹಣದಲ್ಲಿ ಆ ಪೊದೆಯ ಬಾಬ್ತೂ ಸೇರಿದೆ ಎಂದು ಅಂದುಕೊಂಡಿದ್ದೇನೆ.

ಮಕ್ಕಳ ಬಗ್ಗೆ ಚಿಂತೆ ಬೇಡ. ಜರ್ಮನ್ ಮಾತಾಡುವ ಊರುಗಳಲ್ಲಿ ಎಷ್ಟೋ ಕುಟುಂಬಗಳು ಮೃಗಾಲಯಕ್ಕೆ ಬರುವುದು ಅದರೊಳಗಿನ ಆಟದ ಮೈದಾನಕ್ಕಾಗಿ. ಬುತ್ತಿ ಬಿಚ್ಚಿ ಕುಳಿತು ಮಧ್ಯಾಹ್ನ ಕಳೆಯುತ್ತಾರೆ, ಹೊತ್ತು ಮಿಕ್ಕರೆ ಘೇಂಡಾಮೃಗದತ್ತ ಒಂದು ನೋಟ. ಬಾಗಿಲಲ್ಲೇ ನಾಲ್ಕು ಚಕ್ರದ ಮರದ ಕೈಗಾಡಿಗಳು ಬಾಡಿಗೆಗೆ ಸಿಗುತ್ತವೆ, ಎರಡು ಮಕ್ಕಳನ್ನು ಚೀಲಗಳ ಸಮೇತ ಅದರಲ್ಲಿ ಕೂರಿಸಿ ಎಳೆಯಬಹುದು. ಬರ್ಲಿನ್ನಿಗೆ ಮತ್ತೆ ಹೋದರೆ ನಗರದ ಪೂರ್ವಭಾಗದಲ್ಲಿ 1955ರಲ್ಲಿ ಆರಂಭವಾದ ಟೀರ್‌ಪಾರ್ಕ್ ನೋಡಿ. ಊರು ಎರಡಾಗಿದ್ದ ಕಾಲದ ಫಲವಾಗಿ ಒಂದೇ ನಗರಕ್ಕೆ ಎರಡು ಮೃಗಾಲಯಗಳಾದವು. ಇದರ ವಿಸ್ತಾರ 160 ಹೆಕ್ಟೇರ್, ಕಾಲು ಸೋಲುವಷ್ಟು. ಚಿಕ್ಕದು ಬೇಕಿದ್ದರೆ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಬೆಟ್ಟದ ಇಳಿಜಾರಿನಲ್ಲಿರುವ ಆಲ್ಪೆನ್‌ಝೂ ಇದೆ. ಅಲ್ಲಿ ಆನೆ, ಸಿಂಹ, ಜಿರಾಫೆ ಏನೂ ಇಲ್ಲ, ಆಲ್ಪ್ಸ್ ಪರ್ವತಗಳ ಪ್ರಾಣಿಗಳು ಮಾತ್ರ. ಆ ಬೆಟ್ಟಗಳಿಂದ ಅಳಿದುಹೋಗಿದ್ದ ಗಡ್ಡದ ರಣಹದ್ದನ್ನು 1986ರಿಂದ ಮರಳಿ ಬಿಡುತ್ತ ಬಂದ ಪ್ರಯತ್ನದಲ್ಲಿ ಪಾಲ್ಗೊಂಡ ಮೃಗಾಲಯ ಅದು.

ಒಂದೇ ಒಂದು ಎಚ್ಚರಿಕೆ. ಆನೆ, ವಾನರಗಳಿರುವ ಒಳಮನೆಗಳು ಹೊರಗಿನ ಗೇಟಿಗಿಂತ ಮೊದಲೇ ಮುಚ್ಚುವುದುಂಟು, ಚಳಿಗಾಲದಲ್ಲಿ ಇನ್ನೂ ಬೇಗ. ಆದ್ದರಿಂದ ಅವನ್ನು ಮೊದಲು ಮುಗಿಸಿ, ಆಟದ ಮೈದಾನವನ್ನು ಕೊನೆಗೆ ಇಟ್ಟುಕೊಳ್ಳಿ.